ಸಂತೆ ಹೊಂಡದಿಂದ ಹರಿಹರದ ಕಂಬದವರೆಗೆ

(ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಸಿವಿಲ್ ಡಿಪ್ಲೊಮಾ ಓದಿದವನು. ಮೂವತ್ತು ವರ್ಷ ಇದೇ ದಾವಣಗೆರೆಯಲ್ಲಿ ಮನೆಗಳ ನಕ್ಷೆ ಬರೆದಿದ್ದೇನೆ. ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ. ಅಷ್ಟು ವರ್ಷ ನನ್ನ ಕಣ್ಣು ಸೈಟಿನ ನಾಲ್ಕು ಮೂಲೆ ದಾಟಿ ಆಚೆ ಹೋಗಿರಲಿಲ್ಲ. ಈಗ ಕೆಲವು ಗೆಳೆಯರು ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ಇಪ್ಪತ್ತು ಜನರನ್ನು ಕರೆದುಕೊಂಡು ಶನಿವಾರ ಬೆಳಿಗ್ಗೆ ಚಿತ್ರದುರ್ಗದಲ್ಲಿ ನಡೆಯುತ್ತೇವೆ. ಅಲ್ಲಿಂದ ರೈಲು ಹಿಡಿದು ದಾವಣಗೆರೆಗೆ ಬರುತ್ತೇವೆ. ಭಾನುವಾರ ಇಲ್ಲಿನ ಪೇಟೆ ಸುತ್ತಿ, ಮತ್ತೆ ರೈಲಿನಲ್ಲಿ ಹರಿಹರಕ್ಕೆ ಹೋಗುತ್ತೇವೆ. ದಾರಿಯುದ್ದಕ್ಕೂ ಕಟ್ಟಡಗಳನ್ನು ನೋಡುತ್ತೇವೆ, ಅಷ್ಟೇ.

ಪ್ರತಿ ಸಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಸರ್, ಒಂದು ಟೆಂಪೋ ಟ್ರಾವೆಲರ್ (ಟಿಟಿ) ಮಾಡ್ಕೊಂಡ್ರೆ ಒಂದೇ ದಿನಕ್ಕೆ ಮುಗಿಯುತ್ತಲ್ಲ? ದುರ್ಗದಿಂದ ದಾವಣಗೆರೆ ಹೈವೇನಲ್ಲಿ ಒಂದು ಗಂಟೆ ದಾರಿ." ಮುಗಿಯುತ್ತೆ, ನಿಜ. ಆದರೆ ಟಿಟಿಯಲ್ಲಿ ಹೋದರೆ ನೀವು ಕಟ್ಟಡದ ಮುಂದೆ ಇಳಿಯುತ್ತೀರಿ, ಫೋಟೋ ತೆಗೆಯುತ್ತೀರಿ, ಮತ್ತೆ ಹತ್ತುತ್ತೀರಿ. ಕಟ್ಟಡ ಕಾಣುತ್ತದೆ. ಅದು ಯಾಕೆ ಅಲ್ಲಿದೆ ಅನ್ನುವುದು ಕಾಣುವುದಿಲ್ಲ. ಆ "ಯಾಕೆ" ಹೆಚ್ಚಾಗಿ ಕಟ್ಟಡದ ಹೊರಗೆ ಇರುತ್ತದೆ. ಪಕ್ಕದ ಬಂಡೆಯಲ್ಲಿ, ಮೇಲಿನ ಹೊಂಡದಲ್ಲಿ, ಹತ್ತು ಮೈಲಿ ಆಚೆಯ ಹೊಲದಲ್ಲಿ. ಅಲ್ಲಿಗೆ ಕಾಲಲ್ಲೇ ಹೋಗಬೇಕು, ಇಲ್ಲವೇ ರೈಲಿನ ಕಿಟಕಿಯಿಂದ ನೋಡಬೇಕು.

ಈ ಯೋಚನೆ ನನಗೆ ತಾನಾಗಿ ಹೊಳೆದದ್ದಲ್ಲ. ನನ್ನ ತಮ್ಮನ ಮಗಳು ಅಮೆರಿಕದಲ್ಲಿದ್ದಾಳೆ. ಒಮ್ಮೆ ಅಲ್ಲಿಗೆ ಹೋದಾಗ ಶಿಕಾಗೋ ನಗರದಲ್ಲಿ ಇಂಥದ್ದೇ ಒಂದು ಸುತ್ತಾಟಕ್ಕೆ ಕರೆದುಕೊಂಡು ಹೋದಳು. ಸ್ವಲ್ಪ ದೂರ ನಡಿಗೆ, ಸ್ವಲ್ಪ ದೂರ ರೈಲು. ಅಲ್ಲಿನ ನಗರ ರೈಲು ರಸ್ತೆಯ ಮೇಲೆ ಉಕ್ಕಿನ ಕಂಬಗಳ ಮೇಲೆ ಓಡುತ್ತದೆ. ಊರಿನ ನಡುವೆ ಅದು ಒಂದು ಸುತ್ತು ಹಾಕುತ್ತದೆ, ಅದಕ್ಕೆ ಲೂಪ್ ಅಂತಲೇ ಹೆಸರು. ಆ ಸುತ್ತು ಪೂರ್ತಿಯಾದದ್ದು 1897ರಲ್ಲಿ. ರೈಲಿನಲ್ಲಿ ಕೂತರೆ ಎರಡನೇ ಮೂರನೇ ಮಹಡಿಯ ಕಿಟಕಿಗಳು ಕೈಗೆ ಸಿಗುವ ಹಾಗೆ ಹಾದುಹೋಗುತ್ತವೆ. ಕೆಳಗೆ ನಿಂತವರಿಗೆ ಆ ಮಹಡಿಗಳ ಗೋಡೆಯ ಕೆತ್ತನೆ ಕಾಣುವುದೇ ಇಲ್ಲ.

ಅಲ್ಲಿ ಮೊನಾಡ್ನಾಕ್ ಅಂತ ಒಂದು ಕಟ್ಟಡ ಇದೆ. ಉದ್ದಕ್ಕೆ ಒಂದೇ ಕಟ್ಟಡದ ಹಾಗೆ ಕಾಣುತ್ತದೆ. ಆದರೆ ಉತ್ತರದ ಅರ್ಧ 1891ರದ್ದು, ದಕ್ಷಿಣದ ಅರ್ಧ 1893ರದ್ದು. ಉತ್ತರದ ಅರ್ಧದಲ್ಲಿ 16 ಮಹಡಿಯ ಭಾರವನ್ನು ಹೊರಗಿನ ಇಟ್ಟಿಗೆ ಗೋಡೆಗಳೇ ಹೊತ್ತಿವೆ. ಹಾಗಾಗಿ ಗೋಡೆ ಬುಡದಲ್ಲಿ 6 ಅಡಿ ದಪ್ಪ. ದಕ್ಷಿಣದ ಅರ್ಧದ ಒಳಗೆ ಉಕ್ಕಿನ ಹಂದರ ಇದೆ. ಅಲ್ಲಿ ಗೋಡೆ ಭಾರ ಹೊರಬೇಕಾಗಿಲ್ಲ, ತೆಳ್ಳಗಿದ್ದರೂ ನಡೆಯುತ್ತದೆ. ಎರಡು ವರ್ಷದ ಅಂತರದಲ್ಲಿ ಕಟ್ಟುವ ರೀತಿಯೇ ಬದಲಾಗಿಹೋಗಿತ್ತು. ನಮ್ಮ ಜೊತೆ ಬಂದಿದ್ದ ಹೆಂಗಸು, ವಯಸ್ಸಾದವರು, ಸಂಬಳ ಇಲ್ಲದೆ ಸ್ವಂತ ಆಸಕ್ತಿಯಿಂದ ಊರು ತೋರಿಸುವವರು, ಇದನ್ನೆಲ್ಲ ಮೊದಲು ಹೇಳಲೇ ಇಲ್ಲ. ಒಂದು ಕಿಟಕಿಯ ಹತ್ತಿರ ನಿಲ್ಲಿಸಿ "ಕೈ ಒಳಗೆ ಚಾಚಿ ನೋಡಿ" ಅಂದರು. ನನ್ನ ತೋಳು ಪೂರ್ತಿ ಹೋದರೂ ಗೋಡೆ ಮುಗಿಯಲಿಲ್ಲ. ಆಮೇಲೆ ಇನ್ನೊಂದು ತುದಿಗೆ ಕರೆದುಕೊಂಡು ಹೋಗಿ ಅದನ್ನೇ ಮಾಡಿಸಿದರು. ಮಾತು ಬಂದದ್ದು ಅದಾದ ಮೇಲೆ. ಊರು ತೋರಿಸುವುದು ಅಂದರೆ ಹೀಗೆ ಅಂತ ನನಗೆ ಅವತ್ತು ಗೊತ್ತಾಯಿತು.

ಈಗ ದುರ್ಗಕ್ಕೆ ಬರೋಣ.

ಕೋಟೆ ನೋಡಲು ಬಂದವರು ನೇರ ಕೋಟೆ ಬಾಗಿಲಿಗೆ ಹೋಗುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಊರೊಳಗಿನ ಸಂತೆ ಹೊಂಡದಿಂದ ಶುರು ಮಾಡುತ್ತೇವೆ. ಕಲ್ಲಿನ ಮೆಟ್ಟಿಲು, ಚೌಕವಾಗಿ ಕಟ್ಟಿದ ಹೊಂಡ. ಅದರ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ ಒಂದು ಪ್ರಶ್ನೆ ಕೇಳುತ್ತೇವೆ. ಈ ನೀರು ಎಲ್ಲಿಂದ ಬಂತು? ಉತ್ತರ ಹುಡುಕುವುದೇ ಆ ಬೆಳಗಿನ ಕೆಲಸ. ಇಲ್ಲಿಂದ ಕೋಟೆಯ ಬುಡಕ್ಕೆ ನಡೆದರೆ ಸಿಹಿನೀರು ಹೊಂಡ. ಅಲ್ಲಿಂದ ಕೋಟೆಯೊಳಗೆ ಹತ್ತಿದರೆ ಅಕ್ಕ ತಂಗಿ ಹೊಂಡ. ಇನ್ನೂ ಮೇಲೆ ಗೋಪಾಲಸ್ವಾಮಿ ಹೊಂಡ. ಬೆಟ್ಟದ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಸಿಹಿನೀರು ಹೊಂಡಕ್ಕೆ. ಕೊನೆಗೆ ಉಳಿದದ್ದು ಊರಿನ ಸಂತೆ ಹೊಂಡಕ್ಕೆ. ಒಂದು ಹನಿಯೂ ಸುಮ್ನೆ ಹರಿದು ಹೋಗಬಾರದು ಅಂತ ಲೆಕ್ಕ ಹಾಕಿದವರ ಕೆಲಸ ಇದು. ಚಿತ್ರದುರ್ಗ ಮಳೆ ಕಡಿಮೆ ಇರುವ ಸೀಮೆ ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಬೆಟ್ಟದ ಮೇಲೆ ನೂರಾರು ಜನ, ಕುದುರೆ, ಆನೆ ಎಲ್ಲ ಇರಬೇಕಾದರೆ ಗೋಡೆಗಿಂತ ಮೊದಲು ಬೇಕಾದದ್ದು ನೀರು. ಏಳು ಸುತ್ತಿನ ಕೋಟೆಯ ಬೆನ್ನೆಲುಬು ಈ ಹೊಂಡಗಳು ಅಂತ ನಾನು ನಂಬಿದ್ದೇನೆ. ಓಬವ್ವನ ಕಥೆಯೂ ಅಷ್ಟೇ ಅಲ್ವಾ? ಗಂಡನಿಗೆ ಊಟಕ್ಕಿಟ್ಟು ನೀರು ತರಲು ಹೊರಟವಳ ಕಣ್ಣಿಗೆ ಅಲ್ಲವಾ ಕಿಂಡಿಯಲ್ಲಿ ತೂರುತ್ತಿದ್ದ ಹೈದರನ ಸೈನಿಕ ಬಿದ್ದದ್ದು?

ಕೋಟೆಯ ಗೋಡೆಯ ಹತ್ತಿರ ಒಂದು ಜಾಗ ಇದೆ. ಅಲ್ಲಿ ನಾನು ಮಾತು ನಿಲ್ಲಿಸಿಬಿಡುತ್ತೇನೆ. ಗೋಡೆಯಲ್ಲಿ ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂತಿದೆ, ನಡುವೆ ಬೆರಳಿನ ಉಗುರು ತೂರಿಸುವುದೂ ಕಷ್ಟ. ಒಂದೊಂದು ಕಲ್ಲಿನ ಅಂಚಿನಲ್ಲಿ ಸಾಲಾಗಿ ಪುಟ್ಟ ತಗ್ಗುಗಳಿವೆ. ಯಾರೋ ಹಲ್ಲಿನಿಂದ ಕಚ್ಚಿದ ಹಾಗೆ. ಹೋದ ಸಲ ಬಂದಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ಸರ್, ಇದೇನು ಡಿಸೈನಾ?" ನಾನು ಉತ್ತರ ಹೇಳಲಿಲ್ಲ. "ಸುತ್ತ ಇರೋ ಬಂಡೆ ನೋಡ್ಕೊಂಡು ಬಾ" ಅಂದೆ. ಹತ್ತು ನಿಮಿಷ ಆಗಿರಬೇಕು, ಮೇಲಿನಿಂದ ಕೂಗಿದಳು. ಅಲ್ಲಿ ಒಂದು ದೊಡ್ಡ ಬಂಡೆ, ಅರ್ಧ ಸೀಳಿದ್ದು. ಸೀಳಿದ ಅಂಚಿನಲ್ಲಿ ಅದೇ ಹಲ್ಲಿನ ಸಾಲು. ಆಗ ಎಲ್ಲರನ್ನೂ ಕರೆದು ಹೇಳಿದೆ. ಕಲ್ಲುಕುಟಿಗರು ಬಂಡೆಯ ಮೇಲೆ ಗೆರೆ ಎಳೆದು ಉಳಿಯಿಂದ ಸಾಲಾಗಿ ಕುಳಿ ಹೊಡೆಯುತ್ತಿದ್ದರು. ಆ ಕುಳಿಗಳಿಗೆ ಬೆಣೆ ಇಟ್ಟು ಒಂದಾದ ಮೇಲೊಂದರಂತೆ ಬಡಿಯುತ್ತಿದ್ದರು. ಬಂಡೆ ಗೆರೆ ಹಿಡಿದು ಸೀಳುತ್ತಿತ್ತು. ಅರ್ಧ ಕುಳಿ ಗೋಡೆಗೆ ಹೋದ ಕಲ್ಲಿನಲ್ಲಿ, ಇನ್ನರ್ಧ ಬೆಟ್ಟದಲ್ಲೇ ಉಳಿದ ಬಂಡೆಯಲ್ಲಿ. ಕೋಟೆಗೆ ಕಲ್ಲು ಹೊರಗಿನಿಂದ ಬರಲಿಲ್ಲ. ಕೋಟೆ ಆ ಬೆಟ್ಟದ್ದೇ ತುಂಡು. ಹುಡುಗಿ ಮತ್ತೆ ಕೆಳಗೆ ಓಡಿಹೋಗಿ ಗೋಡೆಯ ತಗ್ಗುಗಳಲ್ಲಿ ಬೆರಳಿಟ್ಟು ಎಣಿಸತೊಡಗಿದಳು.

ಮೇಲೆ ಟಂಕಸಾಲೆ, ಕಚೇರಿ ಅಂತ ಕರೆಯುವ ಕಟ್ಟಡಗಳ ಗೋಡೆ ನಿಂತಿವೆ. ಅವು ಬರೀ ಮಣ್ಣಿನವು. ಚಾವಣಿ ಹೋಗಿ ಎಷ್ಟೋ ಕಾಲ ಆಗಿದೆ. ಹೈದರಾಲಿ ದುರ್ಗ ಹಿಡಿದದ್ದು 1779ರಲ್ಲಿ. ಅಲ್ಲಿಂದ ಎಣಿಸಿದರೂ ಎರಡು ಶತಮಾನದ ಮೇಲಾಯಿತು, ಮಣ್ಣು ಇನ್ನೂ ಮಳೆಗೆ ಮೈ ಒಡ್ಡಿ ನಿಂತಿದೆ. ಮಣ್ಣಿನ ಮನೆ ಅಂದರೆ ಬಡವರ ಮನೆ ಅಂತ ನಾವು ಮೂಗು ಮುರಿಯುತ್ತೇವಲ್ಲ, ಅಲ್ಲಿ ಹೋಗಿ ಒಮ್ಮೆ ನಿಲ್ಲಬೇಕು. ಅದೇ ಮಣ್ಣನ್ನು ಕೆಳಗಿನ ಹಳೆ ಊರಿನ ಮಾಳಿಗೆ ಮನೆಗಳಲ್ಲೂ ನೋಡಬಹುದು. ತೊಲೆ, ಜಂತೆ, ಅದರ ಮೇಲೆ ಮಣ್ಣು ಬಡಿದ ಚಪ್ಪಟೆ ಚಾವಣಿ. ಮಳೆ ಕಡಿಮೆ ಇರುವ ಕಡೆ ಚಾವಣಿ ಇಳಿಜಾರು ಇರಬೇಕಾಗಿಲ್ಲ. ಮಲೆನಾಡಿಗೂ ಬಯಲುಸೀಮೆಗೂ ಮನೆಯ ತಲೆ ನೋಡಿಯೇ ವ್ಯತ್ಯಾಸ ಹೇಳಬಹುದು. ರಂಗಯ್ಯನ ಬಾಗಿಲು ದಾಟುವ ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತದೆ.

ರೈಲಿನ ಮಾತು. ಚಿತ್ರದುರ್ಗದಿಂದ ಚಿಕ್ಕಜಾಜೂರಿಗೆ ಕವಲು ದಾರಿ. ಅಲ್ಲಿ ಇಳಿದು ಬೆಂಗಳೂರು ಹುಬ್ಬಳ್ಳಿ ಮುಖ್ಯ ಮಾರ್ಗದ ರೈಲು ಹತ್ತಬೇಕು. ಮೊದಲ ಸಲ ನಾವು ಹೊರಟಾಗ ನಾನು ವೇಳೆ ಸರಿಯಾಗಿ ನೋಡಿಕೊಂಡಿರಲಿಲ್ಲ. ಇಪ್ಪತ್ತು ಜನ, ಅದರಲ್ಲಿ ಇಬ್ಬರು ಎಪ್ಪತ್ತು ದಾಟಿದವರು, ಚಿಕ್ಕಜಾಜೂರಿನ ಪ್ಲಾಟ್‌ಫಾರ್ಮಿನಲ್ಲಿ ಗಂಟೆಗಟ್ಟಲೆ ಕಾದರು. ನನಗೆ ತುಂಬಾ ಬೇಜಾರಾಯಿತು. ಆದರೆ ಆ ಕಾಯುವಿಕೆಯಲ್ಲೇ ಒಬ್ಬರು ಕೇಳಿದ ಪ್ರಶ್ನೆ ಇವತ್ತಿಗೂ ನಮ್ಮ ಸುತ್ತಾಟದ ನಡು ಭಾಗ ಆಗಿದೆ. "ಅಷ್ಟು ದೊಡ್ಡ ದುರ್ಗ ಬಿಟ್ಟು ರೈಲು ಈ ಸಣ್ಣ ಊರಿಗೆ ಯಾಕೆ ಬಂತು?"

ನಾಯಕರ ಕಾಲದಲ್ಲಿ ಊರಿಗೆ ಬೇಕಾದದ್ದು ಹತ್ತಲಾಗದ ಜಾಗ. ಎಷ್ಟು ಕಡಿದೋ ಅಷ್ಟು ಭದ್ರ. ರೈಲಿಗೆ ಬೇಕಾದದ್ದು ಅದರ ಉಲ್ಟಾ. ನೂರು ಅಡಿ ಮುಂದೆ ಹೋಗುವಾಗ ಒಂದು ಅಡಿ ಏರಿದರೂ ಗೂಡ್ಸ್ ರೈಲಿಗೆ ಅದು ಏರೇ. ಅದು ಬಯಲು ಹುಡುಕಿಕೊಂಡು ಹೋಗುತ್ತದೆ. ಬೆಂಗಳೂರಿನಿಂದ ಹರಿಹರಕ್ಕೆ ಹಳಿ ಬಂದದ್ದು 1880ರ ದಶಕದ ಕೊನೆಗೆ. ಅದು ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆ ಮುಟ್ಟಿಕೊಂಡು ಹೋಯಿತು. ದುರ್ಗಕ್ಕೆ ಕವಲು ಸಿಕ್ಕಿದ್ದು 1921ರಲ್ಲಿ. ಆ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಏನೇನಾಯಿತು ಅನ್ನುವುದನ್ನು ದಾವಣಗೆರೆ ಪೇಟೆಯೇ ಹೇಳುತ್ತದೆ. 1997ರವರೆಗೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಳಗೇ ಇತ್ತು. ಈಗ ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗದ ಕೆಲಸ ನಡೆಯುತ್ತಿದೆ. ಅದು ಪೂರ್ತಿಯಾದ ದಿನ ನಮ್ಮ ಸುತ್ತಾಟದ ದಾರಿಯೇ ಬದಲಾಗುತ್ತದೆ. ಚಿಕ್ಕಜಾಜೂರಿನ ಪ್ಲಾಟ್‌ಫಾರ್ಮು ತಪ್ಪಿಹೋಗುತ್ತಲ್ಲ ಅಂತ ನನಗೆ ಈಗಲೇ ಸ್ವಲ್ಪ ಸಂಕಟ.

ರೈಲಿನಲ್ಲಿ ನಾನು ಜಾಸ್ತಿ ಮಾತಾಡುವುದಿಲ್ಲ. ಕಿಟಕಿ ಮಾತಾಡಲಿ. ಬಂಡೆ ಗುಡ್ಡಗಳು ಹಿಂದೆ ಸರಿಯುತ್ತವೆ. ನೆಲ ಮಟ್ಟವಾಗುತ್ತದೆ. ಮಣ್ಣಿನ ಬಣ್ಣ ಅಲ್ಲಲ್ಲಿ ಕಪ್ಪಾಗುತ್ತದೆ. ಒಂದು ಕಾಲಕ್ಕೆ ಹತ್ತಿ, ಈಗ ಮೆಕ್ಕೆಜೋಳ ಜಾಸ್ತಿ, ಭದ್ರಾ ನಾಲೆಯ ನೀರು ಬಂದ ಕಡೆ ಭತ್ತ, ಅಡಿಕೆ. ಮಾಯಕೊಂಡ ಬಂದಾಗ ಮಾತ್ರ ಒಂದು ಮಾತು ಹೇಳುತ್ತೇನೆ. 1748ರಲ್ಲಿ ದುರ್ಗದ ನಾಯಕರು ದೊಡ್ಡ ಸೋಲು ಕಂಡದ್ದು ಇಲ್ಲಿ. ಎಲ್ಲರೂ ಕಿಟಕಿಗೆ ಬರುತ್ತಾರೆ. ಕಾಣುವುದು ಬಯಲು, ಹೊಲ, ಒಂದಿಷ್ಟು ಜಾಲಿ. ಬೆಟ್ಟ ಬಿಟ್ಟು ಬಯಲಿಗೆ ಬಂದ ಕೋಟೆಯ ದೊರೆಗೆ ಏನು ಕಷ್ಟ ಅನ್ನುವುದು ಆ ಬಯಲು ನೋಡಿದರೇ ತಿಳಿಯುತ್ತದೆ.

ದಾವಣಗೆರೆಯಲ್ಲಿ ಕೋಟೆ ಇಲ್ಲ, ಅರಮನೆ ಇಲ್ಲ. "ನಮ್ಮೂರಲ್ಲಿ ನೋಡೋಕೆ ಏನಿದೆ ಸರ್, ಬೆಣ್ಣೆ ದೋಸೆ ಬಿಟ್ರೆ" ಅಂತ ನಮ್ಮವರೇ ಹೇಳುತ್ತಾರೆ. ಈ ಮಾತು ಕೇಳಿದಾಗ ನನಗೆ ನೋವಾಗುತ್ತದೆ. ಈ ಊರನ್ನು ಕಟ್ಟಿದ್ದು ವ್ಯಾಪಾರ. ಹೈದರಾಲಿ ಇದನ್ನು ಒಬ್ಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಅವನು ವ್ಯಾಪಾರಸ್ಥರನ್ನು ಕರೆಸಿ ನೆಲೆ ಮಾಡಿಸಿದ ಅಂತ ಗೆಜೆಟಿಯರ್ ಹೇಳುತ್ತದೆ. ಆಮೇಲೆ ಪುಣೆ ಬೆಂಗಳೂರು ರಸ್ತೆ, ಅದರ ಹಿಂದೆಯೇ ರೈಲು, ಆಮೇಲೆ ಹತ್ತಿ ಗಿರಣಿಗಳು. ಮಂಡಿಪೇಟೆ, ಚೌಕಿಪೇಟೆ ಅನ್ನುವ ಹೆಸರುಗಳನ್ನೇ ನೋಡಿ. ಮಂಡಿ ಅಂದರೆ ಸಗಟು ವ್ಯಾಪಾರದ ಜಾಗ. ಇಲ್ಲಿನ ಕಟ್ಟಡ ಅಂದರೆ ಅಂಗಡಿ, ಗೋಡೌನು, ಛತ್ರ. ಮುಂದೆ ಅಂಗಡಿ, ಹಿಂದೆ ಸರಕು, ಮೇಲೆ ಮನೆ. ಬಾಗಿಲು ಅಗಲ, ಯಾಕೆಂದರೆ ಹತ್ತಿ ಅಂಡಿಗೆ ಒಳಗೆ ಹೋಗಬೇಕು. ಕಿಟಕಿ ಚಿಕ್ಕದು, ಮೇಲೆ, ಯಾಕೆಂದರೆ ಕಳ್ಳ ಬರಬಾರದು, ಗಾಳಿ ಬರಬೇಕು. ಯಾವ ಮೇಸ್ತ್ರಿಯೂ ಇದನ್ನು ಪುಸ್ತಕ ನೋಡಿ ಮಾಡಿದ್ದಲ್ಲ.

ಹಳೆ ಪೇಟೆಯ ಒಂದು ಅಂಗಡಿಯ ಮಾಲೀಕರು ನಮ್ಮನ್ನು ಒಳಗೆ ಬಿಡುತ್ತಾರೆ. ಗಲ್ಲಾ ಪೆಟ್ಟಿಗೆಯ ಮೇಲೆ ತಲೆ ಎತ್ತಿ ನೋಡಿದರೆ ಚಾವಣಿ ಅಲೆ ಅಲೆಯಾಗಿದೆ. ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಪುಟ್ಟ ಕಮಾನುಗಳು, ಸುಣ್ಣ ಬಳಿದದ್ದು. ಆ ತೊಲೆಗಳನ್ನು ಹತ್ತಿರದಿಂದ ನೋಡಿದಾಗ ನನಗೆ ಮೈ ಜುಮ್ ಅಂದಿತು. ಮೇಲೆ ತಲೆ, ನಡುವೆ ತೆಳ್ಳನೆ ಸೊಂಟ, ಕೆಳಗೆ ಅಗಲ ಪಾದ. ಅವು ರೈಲು ಹಳಿಗಳು! ಸವೆದ ಹಳಿಯನ್ನು ಕೊಂಡು ತಂದು ಚಾವಣಿಗೆ ಹಾಕಿದ್ದಾರೆ. ಆ ಕಾಲಕ್ಕೆ ಇದು ಅನೇಕ ಕಡೆ ನಡೆಯುತ್ತಿತ್ತು. ಊರಿಗೆ ಹಣ ತಂದ ರೈಲು ಊರಿನ ಚಾವಣಿಯನ್ನೂ ಹೊತ್ತಿದೆ. ಮಾಲೀಕರು ಹೇಳಿದ್ದು ಇಷ್ಟೇ. "ನಮ್ಮ ಅಜ್ಜ ಹಾಕ್ಸಿದ್ದು. ಒಂದು ದಿನ ಸೋರಿಲ್ಲ." ಬಂದವರಿಗೆಲ್ಲ ಅವರ ಮನೆಯವರು ಮಜ್ಜಿಗೆ ಕೊಡುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ.

ಅದೇ ಬೀದಿಯಲ್ಲಿ ಇನ್ನೊಂದು ಮನೆ ಇತ್ತು. ಮರದ ಕಂಬದ ಪಡಸಾಲೆ, ಬೀದಿಗೆ ಜಗಲಿ, ನೆತ್ತಿಯ ಮೇಲೆ ಗಾರೆಯಲ್ಲಿ ಕಟ್ಟಿಸಿದ ಇಸವಿ. ಹೋದ ವರ್ಷ ನಾವು ಜನರನ್ನು ಕರೆದುಕೊಂಡು ಹೋದಾಗ ಅಲ್ಲಿ ಮಣ್ಣಿನ ಗುಡ್ಡೆ ಇತ್ತು. ಅಣ್ಣ ತಮ್ಮಂದಿರ ಪಾಲು, ನಾಲ್ಕು ಭಾಗ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅಂಥ ಪಾಲಿನ ಸೈಟುಗಳಿಗೆ ನಕ್ಷೆ ಬರೆದುಕೊಟ್ಟವನು ನಾನೇ ತಾನೇ? ಆದರೆ ಒಂದು ಕೆಲಸ ನಮ್ಮಿಂದ ಆಗುತ್ತದೆ. ಕೆಡವುವ ಮೊದಲು ಒಂದು ದಿನ ಟೇಪು ಹಿಡಿದು ಅಳತೆ ತೆಗೆದುಕೊಳ್ಳೋಣ. ಕಂಬದ ಎತ್ತರ, ಪಡಸಾಲೆಯ ಅಗಲ, ಬಾಗಿಲ ಚೌಕಟ್ಟು. ಇಲ್ಲಿ ಸಿವಿಲ್ ಓದುವ ಮಕ್ಕಳು ಇದ್ದೀರಿ. ನಿಮ್ಮ ಬೀದಿಯ ಒಂದು ಹಳೆ ಮನೆಯನ್ನು ಅಳೆದು ಬರೆದಿಡಿ. ಮನೆ ಹೋದರೂ ನಕ್ಷೆ ಇರಲಿ. ನಾನು ಬಂದು ಟೇಪಿನ ಇನ್ನೊಂದು ತುದಿ ಹಿಡಿಯುತ್ತೇನೆ.

ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನ ವಿಷಯ ನಿಮಗೆಲ್ಲ ಗೊತ್ತು. ಅಲ್ಲಿ ಕಾಯದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಶಿಕಾಗೋದಲ್ಲಿ ರೈಲನ್ನು ಮೇಲೆತ್ತಿದರು, ಕೆಳಗೆ ರಸ್ತೆ ನಡೆಯಿತು. ನಮ್ಮಲ್ಲಿ ಹಳಿ ನೆಲದ ಮೇಲೆಯೇ ಊರನ್ನು ಎರಡಾಗಿ ಸೀಳಿತು. ಒಂದು ಕಡೆ ಒತ್ತೊತ್ತಾದ ಹಳೆ ಪೇಟೆ, ಇನ್ನೊಂದು ಕಡೆ ನೇರ ರಸ್ತೆಯ ಬಡಾವಣೆ. ಗೇಟು ದಾಟಿ ನೂರು ಹೆಜ್ಜೆ ನಡೆದರೆ ಎರಡು ಕಾಲ ದಾಟಿದ ಹಾಗೆ.

ಕೊನೆಗೆ ಹರಿಹರ. ಹದಿನಾಲ್ಕು ಕಿಲೋಮೀಟರು. ಕೂತು ಸರಿಯಾಗಿ ಉಸಿರು ಬಿಡುವಷ್ಟರಲ್ಲಿ ಅಮರಾವತಿ ಕಾಲೋನಿ, ಆಮೇಲೆ ಹರಿಹರ. ತುಂಗಭದ್ರೆಯ ಈಚೆ ದಡದಲ್ಲಿ ಹಿಂದೆ ಮೈಸೂರು ಸೀಮೆ ಮುಗಿಯುತ್ತಿತ್ತು, ಆಚೆ ದಡ ಮುಂಬಯಿ ಪ್ರಾಂತ್ಯ. 1868ರಲ್ಲಿ ಇಲ್ಲಿ ರಸ್ತೆಗೆ ಕಮಾನಿನ ಸೇತುವೆ ಕಟ್ಟಿದರು. ಅದನ್ನು ನೋಡಿಕೊಂಡು ಹರಿಹರೇಶ್ವರನ ಗುಡಿಗೆ ನಡೆಯುತ್ತೇವೆ. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಮೂಲೆ ಮೂಲೆಯಾಗಿ ಒಳಸರಿದ ತೆರೆದ ಮಂಟಪ, ಸುತ್ತ ಕೂರಲು ಕಲ್ಲಿನ ಜಗಲಿ. ಬೇಲೂರಿನ ಹಾಗೆ ಗೋಡೆ ತುಂಬ ಶಿಲ್ಪ ಇಲ್ಲಿಲ್ಲ. ಅದಕ್ಕೇ ಕೆಲವರು ಬೇಗ ನೋಡಿ ಹೊರಟುಬಿಡುತ್ತಾರೆ. ಇಲ್ಲಿ ನೋಡಬೇಕಾದದ್ದು ಕಂಬ.

ಕಡೆದ ಕಂಬಗಳು. ಗಂಟೆಯ ಹಾಗೆ ಉಬ್ಬಿ, ಕತ್ತಿನ ಹಾಗೆ ಸಣ್ಣಗಾಗಿ, ಮತ್ತೆ ತಟ್ಟೆಯ ಹಾಗೆ ಹರಡುತ್ತವೆ. ಮೈಮೇಲೆ ಬಳೆಗಳ ಹಾಗೆ ಗೆರೆ. ಬಳಪದ ಕಲ್ಲಿನ ಜಾತಿ, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ದುರ್ಗದ ಬಂಡೆಯನ್ನು ಹೀಗೆ ಮಾಡಲಾಗುವುದಿಲ್ಲ. ಅದನ್ನು ಸೀಳಬಹುದು, ಕಡೆಯಲಾಗದು. ಕಲ್ಲನ್ನು ತಿರುಗಿಸುತ್ತಾ ಉಳಿ ಒತ್ತಿ ಹಿಡಿದರೆ ಹೀಗೆ ದುಂಡಗಿನ ಗೆರೆ ಬರುತ್ತದೆ. ಅಂದರೆ ಲೇತ್. ಇದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಲೇತ್ ಯಂತ್ರಗಳು. ಈ ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಒಂದೇ ಊರು, ನಡುವೆ ಏಳು ನೂರು ವರ್ಷ, ಅಷ್ಟೇ.

ಒಂದು ಸಲ ನಮ್ಮ ಜೊತೆ ಒಬ್ಬ ಯಜಮಾನರು ಬಂದಿದ್ದರು. ಮೂವತ್ತು ವರ್ಷ ಟರ್ನರ್ ಆಗಿ, ಅಂದರೆ ಲೇತ್ ಮೇಲೆ ಕೆಲಸ ಮಾಡುತ್ತಾ, ದುಡಿದವರು. ದುರ್ಗದಲ್ಲಿ, ದಾವಣಗೆರೆಯಲ್ಲಿ ಒಂದೂ ಮಾತಾಡಿರಲಿಲ್ಲ. ಗುಡಿಯಲ್ಲಿ ನಾನು ಕಂಬದ ಬಗ್ಗೆ ಹೇಳುತ್ತಿದ್ದಾಗ ಅವರು ಪಕ್ಕದ ಕಂಬದ ಹತ್ತಿರ ಕೂತುಬಿಟ್ಟರು. ಕನ್ನಡಕ ತೆಗೆದರು. ಹೆಬ್ಬೆರಳಿನ ಉಗುರನ್ನು ಒಂದು ಗೆರೆಯಲ್ಲಿ ಇಟ್ಟು ಕಂಬದ ಸುತ್ತ ನಿಧಾನಕ್ಕೆ ಎಳೆಯುತ್ತಾ ಹೋದರು. ಒಂದು ಕಡೆ ಕೈ ನಿಂತಿತು.

"ಏನು ಯಜಮಾನ್ರೇ?" ಅಂದೆ.

"ಇಲ್ಲಿ ಟೂಲ್ ಒಂದ್ಸಲ ಎತ್ತಿ ಮತ್ತೆ ಇಟ್ಟಿದಾನೆ ನೋಡ್ರಿ" ಅಂದರು. "ಗೆರೆ ಕೂದಲೆಳೆಯಷ್ಟು ಪಕ್ಕಕ್ಕೆ ಹೋಗೈತಿ."

ನಮ್ಮ ಕಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಕೂತು ಅದೇ ಜಾಗದಲ್ಲಿ ಉಗುರಿಟ್ಟು ನೋಡಿದೆವು. ಇತ್ತು.